ವೆಂಕಟಮ್ಮನ ಬಚ್ಚಲಿಗೆ ಬಂದ ಇರುವೆ

ಮುದುಕರ ಕಾಯಿಲೆ ಅನ್ನುತ್ತಾರೆ, ನನಗೆ ಇಪ್ಪತ್ತೆರಡಕ್ಕೇ ಅಂಟಿಕೊಂಡಿತು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಷಿನ್ ಮುಂದೆ ತಲೆ ಸುತ್ತಿ ಬಿದ್ದ ಮೇಲೆ ಗೊತ್ತಾದದ್ದು. "ಹೊತ್ತಿಗೆ ಸರಿಯಾಗಿ ಊಟ, ಸೊಪ್ಪು, ತರಕಾರಿ, ದಿನಾ ವಾಕಿಂಗು," ಎಂದರು ಡಾಕ್ಟರು, ತಲೆಯನ್ನೂ ಎತ್ತದೆ. ಅಯ್ಯೋ ಪುಣ್ಯಾತ್ಮ! ಟಿ. ದಾಸರಹಳ್ಳಿಯ ವಠಾರದಲ್ಲಿ ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟೌವ್, ಕತ್ತಲಾದ ಮೇಲೆ ಬಿಡುವ ಫ್ಯಾಕ್ಟರಿ. ಬನ್ನು, ಟೀ ಇವೇ ನನ್ನ ಊಟ. ಕಾಯಿಲೆಯ ಸುದ್ದಿ ಯಾರಿಗೂ ಹೇಳುವ ಹಾಗಿರಲಿಲ್ಲ. ಈ ತೊಂಬತ್ತಾರನೇ ಇಸವಿಯಲ್ಲೂ ಒಂಟಿ ಹುಡುಗಿಗೆ ಮನೆ ಕೊಡುವವರಿಲ್ಲ, ಇನ್ನು ರೋಗಿಷ್ಟೆಗೆ ಕೊಡುತ್ತಾರೆಯೇ?

ವಠಾರದ ಒಡತಿ ವೆಂಕಟಮ್ಮ. ಹಿಂದೆ ಅದೇ ಜಾಗದಲ್ಲಿ ಅವರ ರಾಗಿಹೊಲವಿತ್ತಂತೆ. ಒಬ್ಬನೇ ಮಗ ದೇವರಾಜ್, ಮದುವೆಯ ವಯಸ್ಸಿನಲ್ಲಿ, ನೋಡನೋಡುತ್ತಲೇ ಸೊರಗಿ ಸತ್ತಿದ್ದ. ಏನು ಕಾಯಿಲೆಯೆಂದು ಆಕೆಗೆ ಕೊನೆಗೂ ತಿಳಿದಿರಲಿಲ್ಲ. ನನಗೂ ಅವರಿಗೂ ಒಂದೇ ಬಚ್ಚಲು.

ನಾನು ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ, ಆಕೆ ಬಚ್ಚಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ನಗುತ್ತಿದ್ದರು. ನೆಲದ ಮೇಲೆ ಇರುವೆಗಳ ಸಾಲು.

"ನನ್ ದೇವು ಇದ್ದಾಗ್ಲೂ ಇಂಗೇ ಬರ್ತಿದ್ವು. ಅವ್ನು ಕಣ್ಮುಚ್ಚಿದ್ಮೇಲೆ ಒಂದೂ ಬರ್ಲಿಲ್ಲ." ನನ್ನ ಗಲ್ಲ ಹಿಡಿದರು. "ನಿನ್ ಜೊತೇಲಿ ಬಂದವ್ನೆ ಕಣೇ!"

ಸಕ್ಕರೆ ಕಾಯಿಲೆಯವರ ಮೂತ್ರಕ್ಕೆ ಇರುವೆ ಮುತ್ತುತ್ತವೆ, ಅದು ನನಗೆ ಗೊತ್ತಿತ್ತು. ದೇವರಾಜ್ ಯಾತರಿಂದ ಸತ್ತನೆಂಬುದೂ ಆ ಗಳಿಗೆಯಲ್ಲೇ ಗೊತ್ತಾಯಿತು. ಹೇಳಿದರೆ ನನ್ನ ಗುಟ್ಟೂ ಬಯಲಾಗುತ್ತದೆಂದು ಬಾಯಿ ಮುಚ್ಚಿಕೊಂಡೆ.

ಅಂದಿನಿಂದ ಪ್ರತಿ ಸಂಜೆ ಸತ್ತವನ ತಟ್ಟೆಯಲ್ಲಿ ಕಜ್ಜಾಯ, ಒಬ್ಬಟ್ಟು ಬರತೊಡಗಿದವು. "ಅವ್ನಿಗಿಷ್ಟ, ತಿನ್ನು," ಎಂದು ಎದುರಿಗೇ ಕೂರುವರು. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಒಂದು ದಿನ ಬೇಡವೆಂದೆ.

"ನನ್ ಮಗಂಗೆ ಬ್ಯಾಡ ಅನ್ನಾಕೆ ನೀನ್ಯಾರೇ? ರೂಮು ಖಾಲಿ ಮಾಡು!"

ತಿಂದೆ. ಕಣ್ಣು ಮಂಜಾಯಿತು, ಕಾಲಿನ ಗಾಯ ಮಾಯಲಿಲ್ಲ. ಬಚ್ಚಲಲ್ಲಿ ಇರುವೆಗಳು ಹೆಚ್ಚಿದಷ್ಟೂ ಆಕೆ ಹಿಗ್ಗಿದರು.

ಡಿಸ್ಪೆನ್ಸರಿಯಲ್ಲಿ ಡಾಕ್ಟರು ಬೈದರು. ಗೌರಮ್ಮ ಸಿಸ್ಟರ್ ಮಾತ್ರ ಗಾಯಕ್ಕೆ ಬಟ್ಟೆ ಕಟ್ಟುತ್ತಾ, ಯಾರೂ ಕೇಳದ್ದನ್ನು ಕೇಳಿದರು. "ನಿಂಗೆ ಮಾಡಿ ಹಾಕೋರ್ಯಾರು ಶ್ಯಾಮಲಾ?"

ಅಳು ಒತ್ತರಿಸಿ ಬಂತು, ಎಲ್ಲ ಹೇಳಿಬಿಟ್ಟೆ.

"ಮಾಡಿ ಹಾಕೋ ಕೈ ಸಿಕ್ಕಿದೆಯಲ್ಲೇ! ಏನು ಹಾಕ್ಬೇಕು ಅಂತ ಆಯಮ್ಮಂಗೆ ಗೊತ್ತಿಲ್ಲ, ಅಷ್ಟೆ. ಹೇಳು. ಇಲ್ದಿದ್ರೆ ಈ ಕಾಲು ಉಳಿಯಲ್ಲ," ಎಂದರು ಸಿಸ್ಟರ್.

ಸಂಜೆ ತಟ್ಟೆ ಬಂತು. ನನಗೆ ಸಕ್ಕರೆ ಕಾಯಿಲೆ ಎಂದು ಹೇಳಲು ಬಾಯಿ ತೆರೆದೆ. ಬಂದ ಮಾತೇ ಬೇರೆ.

"ಅವ್ವಾ, ಸೀ ಸಾಕು ಕಣವ್ವಾ. ಮುದ್ದೆ ಮಾಡು, ಅಣ್ಣೆಸೊಪ್ಪಿನ ಬಸ್ಸಾರು ಮಾಡು. ಮಾತ್ರೆ ನುಂಗು ಅಂತ ನೆಪ್ಪು ಮಾಡು."

ವೆಂಕಟಮ್ಮನ ಕೈಯಿಂದ ತಟ್ಟೆ ಬಿತ್ತು. "ನಮ್ಮೊಲದ ಅಣ್ಣೆಸೊಪ್ಪಾ ಮಗಾ?" ಎಂದು ಗೊಳೋ ಎಂದು ಅತ್ತರು. ನಾನು ಹಾವೇರಿ ಕಡೆಯವಳು. ಅಣ್ಣೆಸೊಪ್ಪು ಎಂಬ ಹೆಸರನ್ನೇ ಅದುವರೆಗೆ ಕೇಳಿರಲಿಲ್ಲ.

ಆಮೇಲೆ ದಿನವೂ ಬಿಸಿ ಮುದ್ದೆ, ಸೊಪ್ಪು. "ಮಾತ್ರೆ ನುಂಗಿದ್ಯಾ ದೇವೂ?" ಎಂದು ಕೇಳದೆ ಆಕೆ ಮಲಗುತ್ತಿರಲಿಲ್ಲ. ನಾನೂ ಹೂಂ ಎನ್ನುತ್ತಿದ್ದೆ. ಗಾಯ ಮಾಯಿತು, ಸಕ್ಕರೆ ಇಳಿಯಿತು. ಇರುವೆಗಳೂ ನಿಂತುಹೋದವು.

"ಒಂಟೋದ್ನಾ ನನ್ ಮಗ?" ಬರಿದಾದ ಬಚ್ಚಲು ನೋಡಿ ಆಕೆ ಎದೆ ಬಡಿದುಕೊಂಡರು. ಅಂದು ಒಲೆ ಹಚ್ಚಲೇ ಇಲ್ಲ.

ನನಗೆ ಭಯವಾಯಿತು. ಸತ್ತವನ ಭಯವಲ್ಲ, ಆ ಮುದ್ದೆ ನಿಂತುಹೋಗುವ ಭಯ. ಮರುದಿನದಿಂದ ಎಲ್ಲರಿಗಿಂತ ಮೊದಲೆದ್ದು ಬಚ್ಚಲಿಗೆ ಒಂದು ಚಿಟಿಕೆ ಸಕ್ಕರೆ ಉದುರಿಸತೊಡಗಿದೆ. ಇರುವೆ ಬಂದವು, ಒಲೆಯೂ ಹೊತ್ತಿತು. ಮೋಸವೇ, ಇಲ್ಲವೆನ್ನುವುದಿಲ್ಲ. ಆದರೆ ಬದುಕಬೇಕಲ್ಲ!

ನಿನ್ನೆ ಗೌರಮ್ಮ ಸಿಸ್ಟರ್ ಬೆನ್ನು ತಟ್ಟಿದರು. ಮೂತ್ರದಲ್ಲಿ ಸಕ್ಕರೆಯ ಸುಳಿವೇ ಇಲ್ಲವಂತೆ.

ಆ ಖುಷಿಗೆ ಇವತ್ತು ಏಳುವುದೇ ತಡವಾಯಿತು. ಸಕ್ಕರೆ ಉದುರಿಸಿರಲಿಲ್ಲ. ಬಿದ್ದೆನೋ ಎದ್ದೆನೋ ಎಂದು ಓಡಿದೆ. ವೆಂಕಟಮ್ಮ ಆಗಲೇ ಬಚ್ಚಲ ಬಾಗಿಲಲ್ಲಿ ಕೂತಿದ್ದರು.

ನೆಲದ ತುಂಬ ಇರುವೆ.

ಆಕೆ ತಲೆಯೆತ್ತಿ, ನನ್ನನ್ನೂ ನನ್ನ ಪಕ್ಕವನ್ನೂ ನೋಡಿ ನಕ್ಕರು. "ಮುದ್ದೆಗೆ ಎಸರಿಟ್ಟಿವ್ನಿ. ಇಬ್ರೂ ಬನ್ನಿ."