ರಾಗಿಗೂ ಮರಕ್ಕೂ ನಡುವೆ ಒಂದು ಮಗು

ಮನೆಯಲ್ಲಿ ಏನಾದರೂ ಬಿದ್ದು ಒಡೆದರೆ ಬೇರೆಯವರೆಲ್ಲ ‘ಯಾರು ಬೀಳಿಸಿದ್ದು’ ಎಂದು ಕೇಳುತ್ತಾರೆ. ನಿಖಾತ್ ಮೇಡಂ ‘ಎಷ್ಟು ಎತ್ತರದಿಂದ ಬಿತ್ತು’ ಎಂದು ಕೇಳುತ್ತಾರೆ. ಚನ್ನಪಟ್ಟಣದ ಅವರ ಮನೆಯ ಮಹಡಿಗೆ ನಾವು ಬಾಡಿಗೆಗೆ ಬಂದ ಮೂರನೆಯ ದಿನವೇ, ಹನ್ನೊಂದು ತಿಂಗಳ ನನ್ನ ಮಗಳು ಜಗಲಿಯ ಕಟ್ಟೆಯ ಮೇಲಿದ್ದ ಗಾಜಿನ ಹೂಜಿಯನ್ನು ಎಳೆದು ಕೆಡವಿದಾಗ, ನಾನು ನಾಚಿಕೆಯಿಂದಲೂ, ಚೂರು ಅವಳ ಕಾಲಿಗೆ ಹೊಕ್ಕಿರಬಹುದೆಂಬ ದಿಗಿಲಿನಿಂದಲೂ ನಿಂತಲ್ಲೇ ನಿಂತಿದ್ದರೆ, ಅವರು ಮಗುವನ್ನೆತ್ತಿ ಅಂಗಾಲುಗಳನ್ನು ಎರಡೆರಡು ಸಲ ತಿರುವಿ ನೋಡಿ ನನ್ನ ಕಂಕುಳಿಗೆ ಕೊಟ್ಟು, ಆಮೇಲೆ ಜೇಬಿನಿಂದ ಟೇಪು ತೆಗೆದು ಕಟ್ಟೆಯ ಎತ್ತರವನ್ನು ಅಳೆದರು. ಹೂಜಿಯ ಕುತ್ತಿಗೆಯ ಚೂರಿಗೊಂದು ಚೀಟಿ ಅಂಟಿಸಿ, ದಿನಾಂಕ, ಎತ್ತರ, ‘ಸಿಮೆಂಟು ನೆಲ’ ಎಂದು ಬರೆದು ತಗಡಿನ ಟ್ರಂಕಿಗೆ ಹಾಕಿದರು. ಸೊಟ್ಟಗಾದ ಸೌಟು, ಬಿರುಕುಬಿಟ್ಟ ಬಳೆ, ಹಾಲಿನ ಕ್ಯಾನಿನ ನೆಗ್ಗಿದ ಮುಚ್ಚಳ, ಯಾರದೋ ಸ್ಕೂಟರಿನ ಕನ್ನಡಿ, ಎಲ್ಲವೂ ಆ ಟ್ರಂಕಿನಲ್ಲಿ ಚೀಟಿ ಸಮೇತ ಮಲಗಿದ್ದವು.

ವಯಸ್ಸು ನಲವತ್ತೈದರ ಆಸುಪಾಸು. ರಾಮನಗರದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾರೆ; ದಿನವೂ ರೈಲಿನಲ್ಲಿ ಹೋಗಿ ಬರುತ್ತಾರೆ, ಸೀಟು ಖಾಲಿಯಿದ್ದರೂ ಬಾಗಿಲ ಬಳಿ ಕಂಬಿ ಹಿಡಿಯದೆ ಪಾದಗಳನ್ನು ಅಗಲಿಸಿ ನಿಲ್ಲುತ್ತಾರೆ. ನಡೆಯುವಾಗ ಹಿಮ್ಮಡಿಯನ್ನು ಎಷ್ಟು ಮೆತ್ತಗೆ ಊರುತ್ತಾರೆಂದರೆ ನೆಲಕ್ಕೆ ನೋವಾದೀತೆಂಬ ದಾಕ್ಷಿಣ್ಯವಿರಬೇಕು ಅನಿಸುತ್ತದೆ. ಚೂಡಿದಾರದ ಮೇಲೆ, ಬೇಸಗೆಯಲ್ಲೂ, ಮೊಣಕಾಲವರೆಗಿನ ಖಾಕಿ ಕೋಟು. ಅದರ ಎರಡು ದೊಡ್ಡ ಜೇಬುಗಳಲ್ಲಿ ಟೇಪು, ಸೀಮೆಸುಣ್ಣ, ದಾರಕ್ಕೆ ಕಟ್ಟಿದ ಒಂದು ಸೀಸದ ಗುಂಡು, ಮತ್ತು ಸದಾ ಅರ್ಧ ತಿಂದ ಕಡಲೆಮಿಠಾಯಿ. ಬಿಡಿಸಲಾಗದ ಲೆಕ್ಕವಿದ್ದರೆ ದುಪಟ್ಟಾದ ಅಂಚಿಗೆ ಒಂದು ಗಂಟು ಬೀಳುತ್ತದೆ. ಪರೀಕ್ಷೆಯ ತಿಂಗಳಲ್ಲಿ ಆ ದುಪಟ್ಟಾ ಮೀನಿನ ಬಲೆಯಂತಿರುತ್ತದೆ.

ಮಾತಿಗೆ ಮೊದಲು ‘ಅಂದ್ಕೊಳ್ಳೋಣ’ ಬಾರದೆ ಅವರ ನಾಲಿಗೆ ಹೊರಳುವುದಿಲ್ಲ. ‘ಅನ್ನ ಆಗಿದೆ ಅಂದ್ಕೊಳ್ಳೋಣ, ಸಾರು ಎಷ್ಟು ಹೊತ್ತಿಗಾಗುತ್ತೆ?’ ಎಂದು ಅವರು ಅಡುಗೆಮನೆಯತ್ತ ಕೇಳಿದರೆ, ತಾಯಿ ಗುಲ್ಜಾರ್ ಬೀ ಒಳಗಿಂದಲೇ, ‘ಉಂಡಾಯ್ತು ಅಂದ್ಕೋ, ಕೈ ತೊಳ್ಕೊಂಡು ಹೋಗಿ ಮಲಕ್ಕೋ’ ಎನ್ನುತ್ತಿದ್ದರು. ಮಗಳ ಚಾಳಿಯ ಮೂಲವನ್ನು ಆ ಮುದುಕಿಯೇ ನನಗೆ ಹೇಳಿದ್ದು. ‘ಇವಳ ಅಬ್ಬಾ ಬುಗುರಿ ಮಾಡಿ ಕೊಟ್ರೆ ಬೇರೆ ಮಕ್ಕಳು ತಿರುಗೋದ್ನ ನೋಡಿ ಚಪ್ಪಾಳೆ ಹೊಡೀತಿದ್ವು. ಇವಳು ಕಲ್ಲಿನ ಥರ ಕೂತು, ಯಾವಾಗ ಬೀಳುತ್ತೆ ಅಂತ ಕಾಯ್ತಿದ್ಲು.’ ಆ ಕಾಯುವಿಕೆಯೇ ಬೆಳೆದು ಡಾಕ್ಟರೇಟು ಆಯಿತು. ಪೆಟ್ಟು ಬಿದ್ದ ವಸ್ತು ಹೇಗೆ ವಿರೂಪಗೊಳ್ಳುತ್ತದೆ, ಯಾವ ಗಳಿಗೆಯಲ್ಲಿ ಸ್ಥಿರತೆ ಕಳೆದುಕೊಳ್ಳುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿಯುವುದು ಅವರ ವಿದ್ಯೆ. ನನಗೆ ಅರ್ಥವಾಗಲೆಂದು ಒಮ್ಮೆ ಸರಳವಾಗಿ ಹೇಳಿದ್ದರು: ‘ಪೆಟ್ಟು ಬಿದ್ದರೆ ವಸ್ತು ಪುಟಿಯಬೇಕು, ಬಾಗಬೇಕು, ಇಲ್ಲ ಉರುಳಬೇಕು. ಒಡೆಯೋದು ಬಾಗೋದರ ಅಣ್ಣನೇ. ಯಾವುದನ್ನ ಆರಿಸ್ಕೊಳ್ಳುತ್ತೆ ಅಂತ ಮೊದಲೇ ಹೇಳೋದು ನನ್ನ ಕೆಲಸ.’

ನನ್ನ ಸ್ವಭಾವವನ್ನೂ ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು, ಇಲ್ಲದಿದ್ದರೆ ಅವರದ್ದು ತಿಳಿಯುವುದಿಲ್ಲ. ಮಗಳು ಹುಟ್ಟಿದಂದಿನಿಂದ ನನಗೆ ಕಂಡದ್ದೆಲ್ಲ ಅವಳು ಬೀಳಬಹುದಾದ ಜಾಗ. ಅವಳ ತೂಕ, ಉದ್ದ, ಯಾವ ವಾರ ಏನನ್ನು ಹಿಡಿದು ನಿಂತಳು ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಅಕ್ಕೂರಿನಿಂದ ಬಂದಾಗಲೆಲ್ಲ ನಮ್ಮತ್ತೆ ಕಾವೇರಮ್ಮ ಆ ಪುಸ್ತಕ ನೋಡಿ ನಗುತ್ತಿದ್ದರು: ‘ಏನೂ ಆಗಕಿಲ್ಲ ಬುಡವ್ವ. ನಾವೇನು ಬರ್ಕೊಂಡು ಸಾಕುದ್ವಾ?’ ಎಲ್ಲರೂ ಅದನ್ನೇ ಹೇಳುತ್ತಿದ್ದರು, ಪ್ರೀತಿಯಿಂದಲೇ. ಆ ಪ್ರೀತಿಯ ಮುಂದೆ ನನ್ನ ಭಯ ಇನ್ನಷ್ಟು ಒಂಟಿಯಾಗುತ್ತಿತ್ತು. ನೋಟ್‌ಬುಕ್ಕನ್ನು ನಗದೆ ಓದಿದ ಮೊದಲ ಮನುಷ್ಯರು ನಿಖಾತ್ ಮೇಡಂ. ಪುಟ ತಿರುವಿ, ‘ನಿಂತಾಗ ಕೈ ಎಷ್ಟು ಎತ್ತರಕ್ಕೆ ಬರುತ್ತೆ, ಅದನ್ನೂ ಬರೀರಿ ನವ್ಯಾ. ಉಪಯೋಗಕ್ಕೆ ಬರುತ್ತೆ’ ಎಂದರು.

ಅದು ಉಪಯೋಗಕ್ಕೆ ಬಂದ ಸಂದರ್ಭವೇ ಅವರನ್ನು ನಾನು ನಿಜವಾಗಿ ಕಂಡ ಸಂದರ್ಭ. ಮನೆಯ ಹಿಂದಿನ ಶೆಡ್ಡಿನಲ್ಲಿ ಅವರ ತಮ್ಮ ಅಕ್ರಮ್‌ನ ಗೊಂಬೆ ಕಾರ್ಖಾನೆ. ಇಪ್ಪತ್ತು ವರ್ಷ ಬೇರೆಯವರಿಗೆ ಕಡೆದು ಕೊಟ್ಟವನಿಗೆ ಆ ವರ್ಷ ಮೊದಲ ಬಾರಿಗೆ ತನ್ನದೇ ಹೆಸರಿನಲ್ಲಿ ಆರ್ಡರು ಸಿಕ್ಕಿತ್ತು: ಮಕ್ಕಳು ಹಿಡಿದು ತಳ್ಳುತ್ತ ನಡೆ ಕಲಿಯುವ ಮೂರು ಗಾಲಿಯ ಮರದ ಗಾಡಿ, ಇನ್ನೂರ ನಲವತ್ತು, ದೀಪಾವಳಿಯೊಳಗೆ. ಆಲೆ ಮರದ ದುಂಡು ಕೋಲುಗಳು ಕೆಂಪು ಹಳದಿ ಅರಗು ಬಳಿಸಿಕೊಂಡು ಗೋಡೆಗೊರಗಿ ಜೋಡಣೆಗೆ ಕಾಯುತ್ತಿದ್ದವು. ಮೊದಲು ಕೂಡಿಸಿದ ಗಾಡಿಯನ್ನು ಅಕ್ರಮ್ ಅಕ್ಕನ ಮುಂದೆ ತಂದಿಟ್ಟ. ಅದು ಆ ಮನೆಯ ರೂಢಿ. ಅವರು ತಳ್ಳಿ ನೋಡಿ ‘ಹೂಂ’ ಎಂದ ಮೇಲೆಯೇ ಯಾವ ಗೊಂಬೆಯಾದರೂ ಹೊರಗೆ ಹೋಗುತ್ತಿದ್ದದ್ದು. ಅವರು ‘ಹೂಂ’ ಎನ್ನಲಿಲ್ಲ. ಶೆಡ್ಡಿನ ನೆಲ ನೋಡಿದರು, ಮನೆಯ ಬಾಗಿಲು ನೋಡಿದರು, ‘ಹೊಸ್ತಿಲು ಇದೆ ಅಂದ್ಕೊಳ್ಳೋಣ’ ಎಂದರು.

ಎರಡು ದಿನ ಅವರು ನಮ್ಮ ಮಹಡಿಯಲ್ಲಿ ಗಡಿಯಾರ ಹಿಡಿದು ಕೂತು, ನನ್ನ ಮಗಳು ಕುರ್ಚಿ ತಳ್ಳಿಕೊಂಡು ಸೆಕೆಂಡಿಗೆ ಎಷ್ಟು ಟೈಲ್ಸ್ ದಾಟುತ್ತಾಳೆಂದು ಎಣಿಸಿದರು: ಒಂದಕ್ಕಿಂತ ತುಸು ಹೆಚ್ಚು. ತೂಕ, ಕೈಯ ಎತ್ತರ ನನ್ನ ನೋಟ್‌ಬುಕ್ಕಿನಿಂದ ಸಿಕ್ಕಿತು. ಶೆಡ್ಡಿನ ಗೋಡೆಯ ತುಂಬ ಸೀಮೆಸುಣ್ಣದ ಅಕ್ಷರಗಳು ಹಬ್ಬಿದವು. ಕೊನೆಗೆ ಅವರು ಹೇಳಿದ ತೀರ್ಪು ಇಷ್ಟು: ಎರಡು ಬೆರಳು ಎತ್ತರದ ಹೊಸ್ತಿಲಿಗೆ ಮುಂಗಾಲಿ ತಗುಲಿದರೆ ಗಾಡಿ ನಿಲ್ಲುತ್ತದೆ, ಮಗು ನಿಲ್ಲುವುದಿಲ್ಲ, ಹಿಂಗಾಲಿಗಳು ಏಳುತ್ತವೆ, ಗಾಡಿ ಮುಂದಕ್ಕೆ ಮಗುಚುತ್ತದೆ. ಮುಂಗಾಲಿಯನ್ನು ಹಿಡಿದಿರುವ ಕೋಲು ಉದ್ದವಾಗಿ ಗಾಲಿ ಇನ್ನಷ್ಟು ಮುಂದಕ್ಕೆ ಹೋಗಬೇಕು. ಎಂದರೆ, ಅರಗು ಹಚ್ಚಿ ಮುಗಿಸಿದ ಅಷ್ಟೂ ಕೋಲುಗಳನ್ನು ಬಿಸಾಡಿ ಹೊಸದಾಗಿ ಕಡೆಯಬೇಕು, ಆರ್ಡರು ತಡವಾಗಬೇಕು.

ಅಕ್ಕ ತಮ್ಮಂದಿರ ಜಗಳ ಉರ್ದುವಿನಲ್ಲಿ ಶುರುವಾಗಿ, ನಾನಿದ್ದೇನೆಂದು ನೆನಪಾದಾಗ ಕನ್ನಡಕ್ಕೆ ಹೊರಳಿತು.

‘ನಮ್ಮ ತಾತನ ಕಾಲದಿಂದ ಇದೇ ಅಳತೆ ಆಪಾ. ಯಾವ ಮಗು ಬಿದ್ದಿದೆ ಹೇಳು.’

‘ಆಗ ಮಣ್ಣಿನ ನೆಲ ಇತ್ತು. ಗಾಡಿ ಇಷ್ಟು ಜೋರಾಗಿ ಓಡ್ತಿರಲಿಲ್ಲ.’

‘ಕಾಗದದ ಮೇಲೆ ಬೀಳೋದಕ್ಕೆಲ್ಲ ನಾನು ಮರ ಬಿಸಾಡೋಕಾಗಲ್ಲ. ಮಾಡಿ ತೋರಿಸು.’

ಮಾಡಿ ತೋರಿಸಲು ಮಗು ಬೇಕಲ್ಲ. ನಮ್ಮತ್ತೆ ಊರಿನಿಂದ ತಂದಿದ್ದ ರಾಗಿಯಲ್ಲಿ ನನ್ನ ಮಗಳ ತೂಕದಷ್ಟನ್ನು ಅಳೆದು ದಿಂಬಿನ ಚೀಲಕ್ಕೆ ತುಂಬಿದರು. ಗಾಲಿ ಜೋಡಿಸಿದ ಮಣೆಯ ಮೇಲೆ ಆ ಚೀಲವನ್ನು ನಿಲ್ಲಿಸಿ, ಗಾಡಿಯ ಹಿಡಿಗೆ ಬಟ್ಟೆಯ ತೋಳುಗಳಿಂದ ಕಟ್ಟಿ, ಇಳಿಜಾರು ಹಲಗೆಯ ಮೇಲಿಂದ ಬಿಡುವುದು; ನೆಲಕ್ಕೆ ಹೊಸ್ತಿಲಿನಂತೆ ಒಂದು ರಿಪೀಸು ಮರದ ಪಟ್ಟಿ ಹೊಡೆದದ್ದಾಯಿತು. ಅರಗು ಹಚ್ಚುವ ಹೆಂಗಸರು ಕೆಲಸ ಬಿಟ್ಟು ಸುತ್ತ ನಿಂತರು. ಗಾಡಿ ಇಳಿದು ಬಂತು, ರಿಪೀಸಿಗೆ ಬಡಿಯಿತು, ಹಿಂಗಾಲಿಗಳು ಒಂದು ಬೆರಳು ಎದ್ದು ಮತ್ತೆ ನೆಲಕ್ಕೆ ಕೂತವು. ಇನ್ನೂ ಎತ್ತರದಿಂದ ಬಿಟ್ಟರು. ಬೀಳಲಿಲ್ಲ. ಸೆಕೆಂಡಿಗೆ ಎರಡು ಟೈಲ್ಸ್ ವೇಗದಲ್ಲೂ ಬೀಳಲಿಲ್ಲ.

‘ನೋಡ್ದಾ? ನಾ ಯೋಳ್ನಿಲ್ವಾ,’ ಎಂದರು ನಮ್ಮತ್ತೆ, ರಾಗಿ ತಮ್ಮ ಹೊಲದ್ದಾದ್ದರಿಂದ ಗೆಲುವೂ ತಮ್ಮದೇ ಎಂಬಂತೆ. ಅಕ್ರಮ್ ಆಗಲೇ ಚಹಾಕ್ಕೆ ಹೇಳಿಯಾಗಿತ್ತು. ನನಗೂ ಎದೆ ಹಗುರಾಯಿತು. ನಿಖಾತ್ ಮೇಡಂ ಗೋಡೆಯ ಬಳಿ ಹೋಗಿ, ತಮ್ಮ ಸಮೀಕರಣದ ಪಕ್ಕದಲ್ಲಿ ‘ತಪ್ಪು’ ಎಂದು ಬರೆದು ಕೆಳಗೆ ದಿನಾಂಕ ಹಾಕಿದರು. ಮುಖದಲ್ಲಿ ಸೋಲಿನ ಕಹಿಯಿರಲಿಲ್ಲ. ಒಳ್ಳೆಯ ಊಟದ ವಾಸನೆ ಬಂದವರ ಹಾಗಿದ್ದರು. ಮೆಲ್ಲಗೆ ಬಂದು ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದನ್ನು ಮೇಲಿಂದ ಕೆಳಗೆ ಅದುಮುತ್ತ ಬಂದರು. ಮೇಲಿನ ಒಂದು ಗೇಣು ಖಾಲಿ ಬಟ್ಟೆ. ರಾಗಿಯೆಲ್ಲ ಬುಡಕ್ಕೆ ಇಳಿದು ಚೀಲ ಸೊಂಟ ಬಾಗಿಸಿಕೊಂಡಿತ್ತು.

‘ನವ್ಯಾ,’ ಎಂದರು, ‘ನಿಮ್ಮ ಮಗಳು ಮುಗ್ಗರಿಸಿದಾಗ ತಲೆ ಹೊಟ್ಟೆಯೊಳಗೆ ಇಳಿಯುತ್ತಾ?’

ಅಕ್ರಮ್ ನಕ್ಕುಬಿಟ್ಟ. ‘ಲೆಕ್ಕ ಸುಳ್ಳಾಯ್ತು ಅಂತ ಈಗ ರಾಗೀನ ಬೈತೀಯಾ ಆಪಾ?’

‘ನಾನೂ ತಪ್ಪು, ರಾಗೀನೂ ತಪ್ಪು. ನಾನು ಮಗೂನ ಕಲ್ಲು ಅಂದ್ಕೊಂಡೆ. ಇದು ಪೆಟ್ಟನ್ನೆಲ್ಲ ತಾನೇ ನುಂಗಿ ಕೆಳಗೆ ಕೂತ್ಕೊಳ್ತು. ಮಗೂಗೆ ತಲೆ ಮೇಲೇ ಇರುತ್ತೆ, ಭಾರವೂ ಅಲ್ಲೇ. ನೀನು ಮರದಲ್ಲಿ ಒಂದು ಮಗು ಮಾಡು.’

ಗೊಣಗುತ್ತಲೇ ಅವನು ಅದೇ ತೂಕದ ಒಂದು ಮರದ ಮಗುವನ್ನು ಕಡೆದ. ಅದು ಮೊದಲ ಬಾರಿಗೇ, ಅರ್ಧ ಟೈಲ್ಸ್ ವೇಗಕ್ಕೇ, ಗಾಡಿ ಸಮೇತ ಮುಂದಕ್ಕೆ ಮಗುಚಿತು. ತಲೆ ಕಳಚಿ ಉರುಳಿ ಗುಲ್ಜಾರ್ ಬೀಯ ಚಪ್ಪಲಿಗೆ ತಾಗಿ ನಿಂತಿತು. ‘ಯಾ ಅಲ್ಲಾ, ಇಂಥ ಮೊಮ್ಮಗ ನನಗೆ ಬೇಡಪ್ಪ,’ ಎಂದು ಅವರು ಕಾಲು ಹಿಂದಕ್ಕೆಳೆದುಕೊಂಡರು. ಯಾರೂ ಹೆಚ್ಚು ನಗಲಿಲ್ಲ.

‘ರಾಗಿ ಬೀಳಲ್ಲ, ಮರ ಬೀಳುತ್ತೆ,’ ಅಕ್ರಮ್ ಕೈಯ ಉಳಿಯನ್ನು ಬೆಂಚಿನ ಮೇಲಿಟ್ಟ. ‘ಮಗು?’

‘ರಾಗಿಗೂ ಮರಕ್ಕೂ ನಡುವೆ ಎಲ್ಲೋ ಇರುತ್ತೆ. ಎಲ್ಲಿ ಅಂತ ನನಗೂ ಗೊತ್ತಿಲ್ಲ.’

‘ಎಲ್ಲೋ ಅಂತ ಹಿಡ್ಕೊಂಡು ಮರ ಕೊಯ್ಯೋಕಾಗುತ್ತಾ? ಹಾಗಾದ್ರೆ ಒಂದು ಮಗೂನೇ ನಿಲ್ಲಿಸಿ ನೋಡೋಣ. ನಾಲ್ಕು ಜನ ಸುತ್ತ ಹಿಡ್ಕೊಂಡ್ರೆ ಏನಾಗುತ್ತೆ?’ ಅವನ ಕಣ್ಣು ನನ್ನ ಕಂಕುಳಿನತ್ತ ಹೊರಳಿತು. ನಾನು ಮಗಳನ್ನು ಇನ್ನೊಂದು ಕಡೆಗೆ ಬದಲಿಸಿಕೊಂಡೆ.

ನಿಖಾತ್ ಮೇಡಂ ದನಿಯೇರಿಸಲಿಲ್ಲ. ‘ಮಗೂನ ಬೀಳಿಸದೆ ನೋಡೋದಕ್ಕೇ ಲೆಕ್ಕ ಇರೋದು ಅಕ್ರಮ್,’ ಎಂದರು. ‘ನಡುವೆ ಎಲ್ಲಿ ಅಂತ ಗೊತ್ತಿಲ್ಲದಾಗ ಕೆಟ್ಟದ್ದನ್ನ ಹಿಡ್ಕೋ. ಮರ ಅಂತಲೇ ತಿಳ್ಕೋ.’

ಅವನು ಹೊರಗೆ ಹೋದ. ಅವರೂ ಆಮೇಲೆ ಒತ್ತಾಯಿಸಲಿಲ್ಲ. ನೆಲಕ್ಕೆ ಹೊಡೆದ ರಿಪೀಸನ್ನು ಮಾತ್ರ ಕೀಳಲು ಬಿಡಲಿಲ್ಲ. ಮೂರು ದಿನ ಶೆಡ್ಡಿನಲ್ಲಿ ಎಲ್ಲರೂ ಅದನ್ನು ಎಡವುತ್ತಲೇ ಓಡಾಡಿದರು. ಮಹಡಿಯ ಕಿಟಕಿಯಿಂದ ನಾನು ನೋಡುತ್ತಿದ್ದೆ: ಕೆಲಸದವರು ಊಟಕ್ಕೆ ಹೋದಾಗ ಅಕ್ರಮ್ ಒಬ್ಬನೇ ಗಾಡಿಯ ಹಿಡಿ ಹಿಡಿದು, ದೊಡ್ಡ ದೇಹವನ್ನು ಮಗುವಿನ ಎತ್ತರಕ್ಕೆ ಬಗ್ಗಿಸಿ, ಮೆಲ್ಲಗೆ ತಳ್ಳಿಕೊಂಡು ಹೋಗಿ ರಿಪೀಸಿಗೆ ತಾಗಿಸುತ್ತಿದ್ದ, ಹಿಂಗಾಲಿ ಏಳುವ ಗಳಿಗೆಯಲ್ಲಿ ನಿಂತು, ಹಿಂದಕ್ಕೆ ಬಂದು, ಮತ್ತೆ ತಳ್ಳುತ್ತಿದ್ದ. ಕಡೆಯುವವನ ಕೈಗೆ ತಿಳಿಯುವುದನ್ನು ಗೋಡೆಯ ಅಕ್ಷರಗಳು ತಿಳಿಸಲಾರವು. ನಾಲ್ಕನೆಯ ದಿನ ಅವನು ಇನ್ನೂ ಅರಗು ಹಚ್ಚದ ಒಂದು ಹೊಸ ಕೋಲನ್ನು ತಂದು ಅಕ್ಕನ ಮುಂದಿಟ್ಟ.

‘ನಾಲ್ಕು ಬೆರಳು ಉದ್ದ ಮಾಡಿದೀನಿ. ಸಾಕಾ?’

‘ಐದು ಅಂದ್ಕೊಳ್ಳೋಣ.’

ಅವನು ಐದು ಬೆರಳೇ ಮಾಡಿದ. ದೀಪಾವಳಿ ಕಳೆದು ಹನ್ನೊಂದು ದಿನಕ್ಕೆ ಗಾಡಿಗಳು ಹೋದವು. ಆರ್ಡರು ಕೊಟ್ಟಿದ್ದ ಅಂಗಡಿಯವರು ಅರ್ಧ ಇಳಿಸಿಕೊಂಡು ಉಳಿದರ್ಧವನ್ನು ವಾಪಸು ಕಳಿಸಿದರು. ಒಂದು ತಿಂಗಳು ಅಕ್ರಮ್ ಅಕ್ಕನೊಡನೆ ಅಮ್ಮನ ಮೂಲಕವೇ ಮಾತಾಡಿದ. ಬಿಸಾಡಿದ ಕೋಲುಗಳಲ್ಲಿ ಹತ್ತನ್ನು ನಮ್ಮತ್ತೆ ಅಕ್ಕೂರಿಗೆ ಒಯ್ದು ನೆಂಟರಿಗೆಲ್ಲ ಮುದ್ದೆ ಕೋಲೆಂದು ಹಂಚಿದರು. ಕೆಂಪು ಬಣ್ಣದ ಮುದ್ದೆ ಕೋಲನ್ನು ಆ ಊರು ಅದುವರೆಗೆ ಕಂಡಿರಲಿಲ್ಲ, ಬಣ್ಣ ಮುದ್ದೆಗೆ ಹತ್ತುತ್ತದೆಂದು ಬೈದುಕೊಂಡೂ ಬಳಸಿದರಂತೆ.

ಹೊಸ ಅಳತೆಯ ಗಾಡಿಯೊಂದು ನಮ್ಮ ಮನೆಗೂ ಬಂತು. ಅದನ್ನು ತಳ್ಳಿಕೊಂಡು ಹೋದ ಮಗಳು ಹೊಸ್ತಿಲಿಗೆ ಬಡಿದು, ತಡೆದು ನಿಂತು, ಯಾರನ್ನೋ ದೂರುವಂತೆ ನನ್ನತ್ತ ತಿರುಗಿದಳು, ಅಷ್ಟೇ. ಹಳೆಯ ಗಾಡಿಯಾಗಿದ್ದರೆ ಏನಾಗುತ್ತಿತ್ತೋ ನಾನು ಅರಿಯೆ. ‘ನಿಮ್ಮ ಲೆಕ್ಕವೇ ಸರಿ ಅಂತಾಯ್ತಲ್ಲ ಮೇಡಂ,’ ಎಂದು ಒಂದು ಸಂಜೆ ಕೇಳಿದ್ದಕ್ಕೆ ಅವರು ಕಡಲೆಮಿಠಾಯಿ ಅಗಿಯುತ್ತ, ‘ಗೊತ್ತಿಲ್ಲ ನವ್ಯಾ. ಬಿದ್ದಿದ್ದರೆ ಗೊತ್ತಾಗ್ತಿತ್ತು,’ ಎಂದರು; ಗೊತ್ತಾಗದೆ ಉಳಿದದ್ದರಲ್ಲಿ ಅವರಿಗೆ ಎಳ್ಳಷ್ಟೂ ಕೊರಗಿರಲಿಲ್ಲ.

ಲೋಕದಲ್ಲಿ ಇಂಥವರು ಕೆಲವರಿರುತ್ತಾರೆ, ಮತ್ತು ಅವರು ಕಠಿಣರೆಂದೋ ಅಪಶಕುನದವರೆಂದೋ ಹೆಸರು ಪಡೆಯುತ್ತಾರೆ; ಏಕೆಂದರೆ ಸಮಾಧಾನ ಕೇಳಿಕೊಂಡು ಬಂದವರಿಗೆ ಅವರು ಪ್ರಶ್ನೆ ಕೊಡುತ್ತಾರೆ, ಗೆದ್ದೆವೆಂದು ನಕ್ಕವರ ಮುಂದೆ ಕೂತು ರಾಗಿಯ ಚೀಲ ಅದುಮುತ್ತಾರೆ. ಅವರ ವಾತ್ಸಲ್ಯಕ್ಕೆ ಸಂಶಯದ ಮುಖವಿರುವುದರಿಂದ ಅದನ್ನು ವಾತ್ಸಲ್ಯವೆಂದು ಗುರುತಿಸುವುದು ತಡವಾಗುತ್ತದೆ. ಹೆತ್ತವರಾದ ನಾವೂ ಮಕ್ಕಳು ಬೀಳುವುದನ್ನು ದಿನಕ್ಕೆ ನೂರು ಸಲ ಮನಸ್ಸಿನಲ್ಲಿ ಕಾಣುತ್ತೇವೆ, ಆದರೆ ಬೀಳುವ ಗಳಿಗೆ ಬಂದೊಡನೆ ಕಣ್ಣು ಮುಚ್ಚಿಕೊಳ್ಳುತ್ತೇವೆ. ಇಂಥವರು ಮುಚ್ಚುವುದಿಲ್ಲ. ಯಾರದೋ ಮಗು ಕಾಗದದ ಮೇಲೆ ಸಾವಿರ ಸಲ ಮುಗ್ಗರಿಸುವುದನ್ನು, ಯಾವ ಗಾಲಿ ಮೊದಲು ನೆಲ ಬಿಟ್ಟಿತೆಂದು ಕಾಣುವ ತನಕ, ರೆಪ್ಪೆ ಬಡಿಯದೆ ನೋಡುತ್ತಿರುತ್ತಾರೆ.