ತುಂಬಿದ ಬಟ್ಟಲು

ಉಮ್ಸುನಾಯ್ ಚಹಾ ಬಗ್ಗಿಸುತ್ತಿದ್ದಳು. ಬಾಗಿಲಿಗೆ ಹತ್ತಿರ, ಚಹಾ ನೀರು ಕಾಯಿಸುವ ಸಮೋವರಿನ ಪಕ್ಕದ ಸೊಸೆಯ ಜಾಗದಲ್ಲಿ ಮಂಡಿಯೂರಿ, ಒಂದೊಂದೇ ಬಟ್ಟಲಿಗೆ ಹಾಲು, ಅದರ ಮೇಲೆ ಚಹಾ. ಒಳಕೋಣೆಯಲ್ಲಿ ಅತ್ತೆ ಸಾಲ್ಕಿನ್ ನರಳುತ್ತಿದ್ದರು. ಹೊಟ್ಟೆಯಲ್ಲಿ ಗಡ್ಡೆ. ಇನ್ನು ವಾಸಿಯಾಗುವುದಿಲ್ಲ ಎಂದು ನಾರಿನ್ ಪಟ್ಟಣದ ಡಾಕ್ಟರು ಮನೆಗೆ ಕಳಿಸಿದ್ದರು. ಗಂಡ ಕುರಿಮಂದೆಯೊಂದಿಗೆ ಚಳಿಗಾಲದ ಹುಲ್ಲುಗಾವಲಿನಲ್ಲಿದ್ದ. ಹಗಲೂ ಇವಳೇ, ರಾತ್ರಿಯೂ ಇವಳೇ.

ಅತ್ತೆಯನ್ನು ವಿಚಾರಿಸಲು ಬಂದಿದ್ದ ನೆರೆಯ ಹೆಂಗಸರು ಬಟ್ಟಲು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಬಟ್ಟಲು ಅಂಚಿನವರೆಗೂ ತುಂಬಿತ್ತು. ಆ ಊರಿನಲ್ಲಿ ಬಂದವರಿಗೆ ಅರ್ಧ ಬಟ್ಟಲು ಕೊಡುತ್ತಾರೆ, ಮತ್ತೆ ಮತ್ತೆ ಬಗ್ಗಿಸುತ್ತಾರೆ. ತುಂಬಿಸಿ ಕೊಟ್ಟರೆ, ಕುಡಿದು ಎದ್ದು ಹೋಗಿ ಎಂದೇ ಅರ್ಥ. ಹೆಂಗಸರು ರೊಟ್ಟಿಯನ್ನೂ ಮುರಿಯದೆ ಎದ್ದು ಹೋದರು.

ಗಂಡನ ಅಕ್ಕ ಕಾನಿಶಾಯ್ ತಾಯಿಯನ್ನು ನೋಡಲು ಹಿಂದಿನ ದಿನವಷ್ಟೇ ಬಂದಿದ್ದಳು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಬಂದವ್ರನ್ನ ಓಡಿಸಿದೆಯಲ್ಲೇ! ನಿನ್ನ ತವರಲ್ಲಿ ಚಹಾ ಬಗ್ಗಿಸೋದೂ ಕಲಿಸ್ಲಿಲ್ವಾ?"

"ಗೊತ್ತಾಗ್ಲಿಲ್ಲ ಅಕ್ಕ. ಕೈ ನಿಲ್ಲಿಸೋದೇ ಮರ್ತೋಯ್ತು."

"ಮರ್ತೋಯ್ತಂತೆ! ಅಮ್ಮನಿಗೆ ಉಣ್ಣಿಸೋದೂ ಮರೀತೀಯೇನೋ. ಮೂಳೆ ಮೂಳೆ ಆಗಿದ್ದಾಳೆ. ಸೊಸೆ ತಿನ್ನಿಸಲ್ಲ ಅಂತ ಅಂಗಡಿ ಹತ್ರ ಆಡ್ಕೋತಿದ್ದಾರೆ."

ಉಮ್ಸುನಾಯ್ ಮಾಂಸದ ಸಾರು ಬಿಸಿ ಮಾಡಿಕೊಂಡು ಒಳಗೆ ಓಡಿದಳು. ಅತ್ತೆ ಬಾಯಿ ಬಿಗಿದುಕೊಂಡರು. ಸಾರು ಗಲ್ಲದ ಮೇಲೆ ಇಳಿಯಿತು.

"ಒಂದೇ ಒಂದು ಗುಟುಕು ಅಮ್ಮ. ನನ್ನ ಮಾನ ಉಳಿಸಿ."

ಬಲವಂತವಾಗಿ ಹಾಕಿದ ಗುಟುಕು ಗಂಟಲಿಗೆ ಅಡ್ಡ ಸಿಕ್ಕಿತು. ಅತ್ತೆ ಕೆಮ್ಮಿ ಕೆಮ್ಮಿ ನೀಲಿಯಾದರು. ಅಷ್ಟರಲ್ಲಿ, ಆಗಾಗ ಬಂದು ನೋಡಿ ಹೋಗುವ ನರ್ಸ್ ಜುಮಾಗುಲ್ ಬೂಟಿನ ಹಿಮ ಕೊಡವಿಕೊಂಡು ಬಂದಳು. ಅತ್ತೆಯನ್ನು ಓರೆಯಾಗಿ ಎತ್ತಿ ಕೂರಿಸಿದಳು. ಕೆಮ್ಮು ನಿಂತ ಮೇಲೆ ಸೊಸೆಯ ಕೈಯಿಂದ ಚಮಚ ತೆಗೆದುಕೊಂಡಳು.

"ಸಾಕು ಬಿಡಮ್ಮ."

"ಸಾಕಾ?" ಕಾನಿಶಾಯ್ ಸಿಡುಕಿದಳು. "ನಮ್ಮಮ್ಮ ಹಸ್ಕೊಂಡು ಸಾಯ್ಲಿ ಅಂತಲಾ?"

"ತಿನ್ನದೆ ಸಾಯ್ತಿಲ್ಲ ತಾಯಿ. ಸಾವು ಹತ್ರ ಬಂದಿದೆ, ಅದಕ್ಕೇ ಮೈ ಊಟ ಬೇಡ ಅಂತಿದೆ. ಬಲವಂತ ಮಾಡಿದ್ರೆ ಶ್ವಾಸಕ್ಕೆ ಹೋಗುತ್ತೆ. ಒದ್ದೆ ಬಟ್ಟೇಲಿ ತುಟಿ ಒರೆಸಿ. ನೋವಿನ ಔಷಧಿ ಹೊತ್ತು ಮೀರದ ಹಾಗೆ ಕೊಡಿ. ಕೈ ಹಿಡ್ಕೊಂಡು ಕೂತ್ಕೊಳ್ಳಿ. ಇದ್ರಲ್ಲಿ ಯಾರ ತಪ್ಪೂ ಇಲ್ಲ."

ಕಾನಿಶಾಯ್‌ಳ ದನಿ ಇಳಿಯಿತು. "ಹಾಗಾದ್ರೆ ಅಮ್ಮ ಉಳಿಯಲ್ವಾ?"

"ಉಳಿಯಲ್ಲ."

ಕಾನಿಶಾಯ್ ಅತ್ತು ಮುಗಿಸುವವರೆಗೂ ಜುಮಾಗುಲ್ ಪಕ್ಕದಲ್ಲೇ ಕೂತಿದ್ದಳು. ಆಮೇಲೆ ಉಮ್ಸುನಾಯ್ ಕಡೆ ತಿರುಗಿದಳು.

"ನೀನು ಹೇಗಿದ್ದೀಯ?"

"ರಾತ್ರಿಯೆಲ್ಲಾ ಅಮ್ಮನಿಗೆ ನೋವು..."

"ಅಮ್ಮನ್ನ ಕೇಳ್ಲಿಲ್ಲ. ನಿನ್ನ ಕೇಳ್ದೆ. ಇಷ್ಟು ಸಲ ಬಂದೋಗಿದ್ದೀನಿ, ನಾನೂ ಕೇಳಿಲ್ಲ ನೋಡು."

ಉಮ್ಸುನಾಯ್ ಅತ್ತೆಯ ಹೊದಿಕೆ ಸರಿಮಾಡಿದಳು. "ಕಣ್ಣು ಮುಚ್ಚಿದ್ರೆ ಅಷ್ಟರಲ್ಲೇ ಅಮ್ಮ ಹೋಗ್ಬಿಟ್ರೆ ಅಂತ ಭಯ. ಒಂದೊಂದ್ಸಲ... ಬೇಗ ಮುಗೀಲಿ ಅನ್ಸುತ್ತೆ. ನಾನು ಪಾಪಿ ಅಲ್ವಾ?"

"ಅಲ್ಲ. ದಣಿದಿದ್ದೀಯ. ಅವ್ರ ನೋವು ನೋಡೋಕಾಗ್ದೆ ಹಾಗನ್ಸುತ್ತೆ. ಬಹಳ ಜನಕ್ಕೆ ಅನ್ಸುತ್ತೆ, ಯಾರೂ ಬಾಯಿ ಬಿಡಲ್ಲ."

ಇದನ್ನೆಲ್ಲ ಕೇಳುತ್ತಿದ್ದ ಕಾನಿಶಾಯ್ ಮುಖ ಒರೆಸಿಕೊಂಡಳು. ಹೋಗಿ ಸಮೋವರಿನ ಪಕ್ಕ, ಸೊಸೆಯ ಜಾಗದಲ್ಲಿ ಕೂತಳು.

"ಬಾರೇ ಇಲ್ಲಿ. ಮೇಲೆ, ದೊಡ್ಡವರ ಜಾಗದಲ್ಲಿ ಕೂತ್ಕೋ."

ಅರ್ಧ ಬಟ್ಟಲು ಬಗ್ಗಿಸಿ ಕೊಟ್ಟಳು. ಉಮ್ಸುನಾಯ್ ಕುಡಿದಳು. ಕಾನಿಶಾಯ್ ಮತ್ತೆ ಅರ್ಧ ಬಗ್ಗಿಸಿದಳು.

"ಎಷ್ಟು ಬಗ್ಗಿಸ್ತೀರಿ ಅಕ್ಕ?"

"ನೀನು ಸಾಕು ಅನ್ನೋವರೆಗೆ. ನಾನಿಲ್ಲೇ ಇರ್ತೀನಿ. ಇವತ್ತು ಅಮ್ಮನ ಹತ್ರ ನಾನು ಕೂರ್ತೀನಿ, ನೀನು ಮಲಗು. ನನ್ನ ಗೊರಕೆಗೆ ಅಮ್ಮ ಬೈದ್ರೆ ಮಾತ್ರ ಎಬ್ಬಿಸ್ತೀನಿ."

ಉಮ್ಸುನಾಯ್ ನಗಲು ಹೋಗಿ ಅತ್ತುಬಿಟ್ಟಳು.

ಆ ವಾರವೇ ಒಂದು ಬೆಳಿಗ್ಗೆ ಸಾಲ್ಕಿನ್ ಹೋದರು. ಒಂದು ಕೈ ಮಗಳ ಕೈಯಲ್ಲಿತ್ತು, ಇನ್ನೊಂದು ಸೊಸೆಯ ಕೈಯಲ್ಲಿ. ಅಂಗಳದಲ್ಲಿ ಸೂತಕದ ಡೇರೆ ಎದ್ದಿತು. ಅಳುತ್ತಾ ಬಂದ ನೆರೆಯವರಲ್ಲಿ ಒಬ್ಬಳು ಕೂತ ಕೂಡಲೇ ಉಮ್ಸುನಾಯ್‌ಳನ್ನು ಕೇಳಿದಳು: "ಕೊನೆಗೆ ಏನಾದ್ರೂ ತಿಂದ್ರಾ? ನೀನು ತಿನ್ನಿಸ್ದೆಯಾ?"

ಕಾನಿಶಾಯ್ ತಲೆಯೆತ್ತಿದಳು. "ಅವಳನ್ನ ಅದು ಕೇಳ್ಬೇಡಿ. ನೀನು ಹೇಗಿದ್ದೀಯ ಅಂತ ಕೇಳಿ."

ಡೇರೆಯಲ್ಲಿ ಯಾರೂ ಅದನ್ನು ಕೇಳಲಿಲ್ಲ. ಉಮ್ಸುನಾಯ್ ನೆಲ ನೋಡುತ್ತಾ ಕಾಯುತ್ತಿದ್ದಳು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಹಾಸಿಗೆ ಹಿಡಿದವರ ಪಕ್ಕದಲ್ಲಿ ಒಬ್ಬರು ನಿದ್ದೆಗೆಟ್ಟು ಕೂತಿರುತ್ತಾರೆ. ದೊಡ್ಡ ಆಸ್ಪತ್ರೆಗೆ ಯಾಕೆ ಒಯ್ಯಲಿಲ್ಲ, ಏನು ತಿನ್ನಿಸಿದೆ ಎಂದು ಅವರನ್ನು ಚುಚ್ಚಬೇಡಿ. ಅವರ ಕೈಕೆಲಸ ಸ್ವಲ್ಪ ಹೊತ್ತು ನೀವು ಹಿಡಿಯಿರಿ. ಅವರು ಅತ್ತರೆ ಅಳಲು ಬಿಡಿ. ಆ ಡೇರೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ನೀವು ಕೇಳಿ.