ಎಲ್ಲರದೂ ಆದ ಮೇಲೆ ತಿಪ್ಪವ್ವನ ಊಟ

ಮಧ್ಯಾಹ್ನದ ಊಟದ ಹೊತ್ತು ಬಂತೆಂದರೆ ಬೆಟಗೇರಿಯ ಆ ವೃದ್ಧರ ಆರೈಕೆ ಮನೆಯಲ್ಲಿ ಕೆಲಸದ ನಾಗರತ್ನಾಳಿಗೆ ತಲೆಬಿಸಿ ಶುರುವಾಗುತ್ತಿತ್ತು. ಹನ್ನೆರಡು ಹಿರಿಯರಲ್ಲಿ ಹನ್ನೊಂದು ಜನ ಸುಮ್ಮನೆ ಉಣ್ಣುತ್ತಿದ್ದರು. ಹರ್ತಿಯ ತಿಪ್ಪವ್ವ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಎಂಬತ್ತರ ಹತ್ತಿರದ ಜೀವ. ಡಾಕ್ಟರು ಡಿಮೆನ್ಷಿಯಾ ಎನ್ನುವ ಮರೆವಿನ ಕಾಯಿಲೆ. ಹೆತ್ತ ಮಗಳ ಹೆಸರೂ ಆಕೆಗೆ ನೆನಪಿರಲಿಲ್ಲ. ತಾಟು ಮುಂದಿಟ್ಟರೆ ಬಾಗಿಲ ಕಡೆ ನೋಡುತ್ತಿದ್ದಳು.

“ಇನ್ನೂ ಬಂದಿಲ್ಲ” ಎನ್ನುತ್ತಿದ್ದಳು.

“ಯಾರು ಬರಬೇಕಾಗೈತಿ ಅಜ್ಜಿ? ನಿನ್ನ ಗಂಡ ತೀರಿಕೊಂಡು ಹದಿನೈದು ವರ್ಷ ಆತು. ಯಾರೂ ಬರಂಗಿಲ್ಲ. ನೀ ಉಣ್ಣು.”

ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನಾಗರತ್ನಾಳ ಸ್ವಭಾವ. ಆದರೆ ತಿಪ್ಪವ್ವನಿಗೆ ಆ ಸಾವು ದಿನವೂ ಹೊಸ ಸುದ್ದಿ. ಸೆರಗನ್ನು ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ಅರ್ಧ ತಾಸಿಗೆ ಅತ್ತದ್ದು ಮರೆತು ಮತ್ತೆ ಬಾಗಿಲು ನೋಡುತ್ತಿದ್ದಳು.

ನಾಲ್ಕು ತಿಂಗಳಲ್ಲಿ ತಿಪ್ಪವ್ವನ ತೂಕ ಎಂಟು ಕಿಲೋ ಇಳಿಯಿತು. ಆ ಮನೆ ನಡೆಸುವ ಕುಬೇರಪ್ಪನಿಗೆ ದಿಗಿಲಾಯಿತು. “ಮಗಳು ಬಂದು ಕೇಳಿದ್ರ ಏನ್ ಹೇಳೂಣು? ಹೆಂಗರ ಮಾಡಿ ಉಣಸ್ರಿ” ಎಂದ.

ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳದೆ ಗತಿಯಿಲ್ಲ. ಅಡಿಗೆಯ ಮಂಜವ್ವ ಬೆನ್ನ ಹಿಂದೆ ನಿಂತು ತಿಪ್ಪವ್ವನ ಎರಡೂ ಕೈ ಹಿಡಿಯುತ್ತಿದ್ದಳು. ನಾಗರತ್ನಾ ಎದುರಿಗೆ ನಿಂತು, ಗಲ್ಲ ಒತ್ತಿ, ಚಮಚೆ ತುರುಕುತ್ತಿದ್ದಳು. ಸಿಟ್ಟಿನಿಂದಲ್ಲ, ಉಪವಾಸ ಸತ್ತಾಳು ಎಂಬ ಅಂಜಿಕೆಯಿಂದ. ಒಂದು ಮಧ್ಯಾಹ್ನ ಗಂಜಿ ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿಯಿತು. ತಿಪ್ಪವ್ವನ ಮುಖ ಕಪ್ಪಿಟ್ಟಿತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಹೇಗೋ ಬದುಕಿ ಬಂದಳು. ಬಿಡುಗಡೆ ಮಾಡುವಾಗ ಡಾಕ್ಟರು ಕುಬೇರಪ್ಪನಿಗೆ ಒಂದೇ ಮಾತು ಹೇಳಿದರು: “ಔಷಧಕ್ಕಿಂತ ಮೊದಲು ನಿಮ್ಮ ಕೆಲಸದವರಿಗೆ ತರಬೇತಿ ಕೊಡಿಸಿ.”

ಹೀಗೆ ಗದಗದಿಂದ ನರ್ಸ್ ವಿದ್ಯಾಶ್ರೀ ಬಂದಳು. ಮೂರು ದಿನದ ತರಬೇತಿ.

ನಾಗರತ್ನಾ ಮೂಗು ಮುರಿದಳು. “ಮೂರು ಮಕ್ಕಳಿಗೆ ಉಣಿಸೇನಿ. ಹಾಸಿಗಿ ಹಿಡಿದ ಅತ್ತೀನ ಎಂಟು ವರ್ಷ ನೋಡೇನಿ. ಚಮಚಾ ಹಿಡಿಯೂದು ಈಗ ನನಗ ಕಲಸ್ತಾರೇನು?”

“ಕಲಸ್ಲಿ ಬಿಡ. ಮೂರು ದಿನ ಕುಂತು ಚಹಾ ಕುಡಿಯೂದು ಯಾರಿಗೆ ಬ್ಯಾಡ?” ಎಂದಳು ಮಂಜವ್ವ.

ಮೊದಲ ದಿನವೇ ವಿದ್ಯಾಶ್ರೀ ನಾಗರತ್ನಾಳನ್ನು ಕುರ್ಚಿಯ ಮೇಲೆ ಕೂಡಿಸಿ ಕಣ್ಣಿಗೆ ಬಟ್ಟೆ ಕಟ್ಟಿದಳು. ಏನೂ ಹೇಳದೆ, ಎದುರಿಗೆ ನಿಂತು, ತುಟಿಗೆ ಚಮಚೆ ತಗುಲಿಸಿದಳು. ನಾಗರತ್ನಾಳ ಬಾಯಿ ತಾನಾಗಿಯೇ ಬಿಗಿಯಾಯಿತು. ಕುತ್ತಿಗೆ ಹಿಂದಕ್ಕೆ ಹೋಯಿತು.

“ಯಾಕ ಮುಚ್ಚಿದ್ರಿ ಅಕ್ಕಾ? ಬರೇ ಸಕ್ಕರಿ ಐತಿ.”

“ಏನ್ ತಂದೀರಿ ಅಂತ ನನಗ ಹೆಂಗ್ ಗೊತ್ತಾಗಬೇಕ್ರಿ?”

“ತಿಪ್ಪವ್ವಗೂ ಗೊತ್ತಿಲ್ಲ. ನೀವು ಯಾರು ಅನ್ನೂದೂ ಗೊತ್ತಿಲ್ಲ. ಅದಕ್ಕ ನಿಂತು ಉಣಸಬ್ಯಾಡ್ರಿ. ಬಾಜೂಕ ಕುಂಡ್ರಿ. ಏನು ಅನ್ನೂದನ್ನ ತೋರಸ್ರಿ. ಒಂದು ತುತ್ತು ನುಂಗೂತನಕ ಇನ್ನೊಂದು ಕೊಡಬ್ಯಾಡ್ರಿ.”

ನಾಗರತ್ನಾ ಬಟ್ಟೆ ಬಿಚ್ಚಿದಳು. ಮೂಗು ಮುರಿಯುವುದನ್ನು ಅವತ್ತಿಗೇ ಬಿಟ್ಟಳು.

“ಆಕಿ ಬಾಗಲಾ ನೋಡಿ ಯಾರು ಬಂದಿಲ್ಲ ಅಂತಾಳ?” ಎಂದು ವಿದ್ಯಾಶ್ರೀ ಕೇಳಿದಳು. ಒಬ್ಬರಿಗೂ ಗೊತ್ತಿರಲಿಲ್ಲ. ತಿಪ್ಪವ್ವನ ಕಡತ ತೆಗೆದರೆ ಅದರಲ್ಲಿ ಬಿಪಿ ಇತ್ತು, ಮಗಳ ಫೋನ್ ನಂಬರ್ ಇತ್ತು. ಆಕೆ ಹೇಗೆ ಬದುಕಿದವಳು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮರುದಿನ ಮಗಳು ಸಾವಿತ್ರೆವ್ವ ಲಕ್ಷ್ಮೇಶ್ವರದಿಂದ ಬಂದಳು. ವಿದ್ಯಾಶ್ರೀ ಕೇಳಿದ್ದಕ್ಕೆ ಆಕೆ ಹೇಳಿದ್ದು ಇಷ್ಟು: “ನಮ್ಮದು ಹದಿನೇಳು ಮಂದಿ ಮನಿರಿ. ಹೊಲಕ್ಕ ಹೋದವರು ಬಂದು ಉಂಡು ಎದ್ದ ಮ್ಯಾಲೇ ನಮ್ಮವ್ವ ಉಣ್ಣಾಕಿ. ಅಪ್ಪ ಮುಂಡರಗಿ ಸಂತಿಗೆ ಹೋದ್ರ ದೀಪಾ ಹಚ್ಚೂತನಕ ಉಪಾಸ. ಆಳು ಮಗಾ ಒಬ್ಬಾಂವ ಉಳದ್ರೂ ಆಕಿ ಗಂಟಲದಾಗ ತುತ್ತು ಇಳೀತಿರಲಿಲ್ಲ.”

ನಾಗರತ್ನಾಳಿಗೆ ಈಗ ತಿಳಿಯಿತು. ಹಟವಲ್ಲ ಅದು, ಅರವತ್ತು ವರ್ಷದ ರೂಢಿ. “ನಮಗ ಒಂದು ಮಾತು ಹೇಳಬಾರದೇನ್ರಿ?” ಎಂದಳು.

“ಯಾರೂ ಕೇಳಲಿಲ್ಲ ಯವ್ವಾ” ಎಂದಳು ಸಾವಿತ್ರೆವ್ವ.

ಮೂರನೆಯ ದಿನ ವಿದ್ಯಾಶ್ರೀ ತಿಪ್ಪವ್ವನಿಗೆ ತಾಟು ಹಾಕಿಸಲೇ ಇಲ್ಲ. ರೊಟ್ಟಿ ಬುಟ್ಟಿಯನ್ನು ಕೈಗೆ ಕೊಟ್ಟು “ಅವ್ವಾ, ಮಂದಿ ಕುಂತಾರ. ಬಡಸ್ತೀರೇನು?” ಎಂದಳು. ತಿಪ್ಪವ್ವ ಸೆರಗು ಸಿಕ್ಕಿಸಿದಳು. ಹನ್ನೊಂದು ತಾಟಿಗೂ ರೊಟ್ಟಿ ಹಾಕಿದಳು. ಒಬ್ಬ ಮುದುಕನಿಗೆ “ಇನ್ನೊಂದು ಹಾಕಿಸ್ಕೊ, ನಾಚಬ್ಯಾಡ” ಎಂದು ಗದರಿದಳು. ಎಲ್ಲರೂ ಕೈ ತೊಳೆದದ್ದನ್ನು ನೋಡಿ ತಾನೇ ಬಂದು ಕುಳಿತಳು. ಮಂಜವ್ವ ಪಕ್ಕದಲ್ಲಿ ಕೂತು ಹಾಲಿನಲ್ಲಿ ನೆನೆಸಿದ ರೊಟ್ಟಿ ಮುಂದಿಟ್ಟಳು. ತಿಪ್ಪವ್ವ ತನ್ನ ಕೈಯಿಂದ, ನಿಧಾನವಾಗಿ, ತಾಟು ಖಾಲಿಯಾಗುವವರೆಗೆ ಉಂಡಳು.

ತಾಯಿಯ ಊಟ ನೋಡಲೆಂದು ಉಳಿದುಕೊಂಡಿದ್ದ ಸಾವಿತ್ರೆವ್ವ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. “ಕಲಿಸಿದ್ರ ಇಷ್ಟು ಆಕ್ಕೈತೇನ್ರಿ?” ಎಂದಳು. ಕುಬೇರಪ್ಪ ತಲೆ ಎತ್ತಲಿಲ್ಲ. “ಮೊದಲ ಕಲಿಸಬೇಕಾಗಿತ್ತು. ಇನ್ನ ಮುಂದ ಕಲೀಲಾರದವರನ್ನ ಕೆಲಸಕ್ಕ ಹಚ್ಚಂಗಿಲ್ಲ” ಎಂದ.

ನಾಗರತ್ನಾಳಿಗೆ ಖುಷಿಯೋ ಖುಷಿ. ನೀರಿನ ಲೋಟ ಹಿಡಿದು ತಿಪ್ಪವ್ವನ ಹತ್ತಿರ ಹೋದಳು. ತಿಪ್ಪವ್ವನ ಭುಜಗಳು ಮುದುಡಿದವು. ಆಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ನಾನು ಯಾರಂತ ಆಕಿಗೆ ಗೊತ್ತಿಲ್ಲಲ್ರಿ” ಎಂದಳು ನಾಗರತ್ನಾ. “ಹಂಗಾದ್ರ ಯಾಕ ಅಂಜತಾಳ?”

ವಿದ್ಯಾಶ್ರೀ ಲೋಟ ತೆಗೆದುಕೊಂಡಳು. “ಈ ಬ್ಯಾನ್ಯಾಗ ಹೆಸರು ಮರೀತೈತಿ ಅಕ್ಕಾ. ಅಂಜಿಕಿ ಅಷ್ಟು ಜಲ್ದಿ ಮರಿಯಂಗಿಲ್ಲ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ನಾಗರತ್ನಾ ಎಷ್ಟೋ ಸಲ ಮಂದಿಗೆ ಹೇಳಿ ನಕ್ಕಿದ್ದಳು. ಅಂದು ನಗು ಬರಲಿಲ್ಲ. ತಪ್ಪಾಯಿತು ಎಂದು ತಿಪ್ಪವ್ವನ ಕಾಲು ಹಿಡಿಯಬಹುದಿತ್ತು. ಆದರೆ ಯಾವ ತಪ್ಪು ಎಂದು ಆ ಮುದುಕಿಗೆ ತಿಳಿಯುವಂತಿರಲಿಲ್ಲ, ಕ್ಷಮಿಸುವುದಂತೂ ದೂರ.

ಈಗ ತಿಪ್ಪವ್ವನ ತೂಕ ಏರಿದೆ. ಹೊಸಬರು ಕೆಲಸಕ್ಕೆ ಬಂದರೆ ನಾಗರತ್ನಾಳೇ ಅವರ ಕಣ್ಣಿಗೆ ಬಟ್ಟೆ ಕಟ್ಟಿ ಪಾಠ ಶುರು ಮಾಡುತ್ತಾಳೆ. ಎಲ್ಲರಿಗೂ ಉಣಿಸಲು ಕಲಿಸಿದ್ದಾಳೆ. ತಾನು ಮಾತ್ರ ತಿಪ್ಪವ್ವ ಉಣ್ಣುವ ಹೊತ್ತಿಗೆ ಆ ಕೋಣೆಯಿಂದ ಹೊರಗೆ ಬಂದು ನಿಲ್ಲುತ್ತಾಳೆ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿರಿಯರನ್ನು ಎಲ್ಲಿಯಾದರೂ ಬಿಡುವ ಮುನ್ನ ‘ಇಲ್ಲಿಯವರಿಗೆ ಮರೆವಿನ ಕಾಯಿಲೆಯ ತರಬೇತಿ ಆಗಿದೆಯೇ?’ ಎಂದು ಕೇಳಿ. ಅವರು ಹೇಗೆ ಬದುಕಿದವರು, ಯಾವಾಗ ಉಣ್ಣುತ್ತಿದ್ದರು, ಯಾರಿಗಾಗಿ ಕಾಯುತ್ತಿದ್ದರು ಎಂಬುದನ್ನು, ಯಾರೂ ಕೇಳದಿದ್ದರೂ, ಬರೆದು ಕೊಡಿ. ಆರೈಕೆ ಮನೆ ನಡೆಸುವವರೇ, ಕೆಲಸಕ್ಕೆ ಬಂದವರಿಗೆ ಮೊದಲು ಕಲಿಸಿ, ಆಮೇಲೆ ಅವರ ಕೈಗೆ ಚಮಚೆ ಕೊಡಿ. ನಾಗರತ್ನಾ ಕೆಟ್ಟವಳಲ್ಲ. ಆಕೆಗೆ ನಾಲ್ಕು ತಿಂಗಳು ಮೊದಲು ಯಾರಾದರೂ ಕಲಿಸಿದ್ದರೆ, ಇವತ್ತು ತಿಪ್ಪವ್ವ ಆಕೆಯ ಕೈಯಿಂದಲೂ ನೀರು ಕುಡಿಯುತ್ತಿದ್ದಳು.